ಹಳೆಯ ಸ್ಕಿನ್ ತಂತ್ರಾಂಶ: ಕೆಲವು ವಿಂಡೋಗಳ ಅಂಚು ಮಾತ್ರ ಬದಲಾಗುತ್ತಿದೆ, ಉಳಿದವು ಏಕೆ ಒಪ್ಪುತ್ತಿಲ್ಲ?

ಅಂಚುಗಾರ

ಎಲ್ಲರಿಗೂ ನಮಸ್ಕಾರ. ವಿಂಡೋಸ್ ಎಕ್ಸ್‌ಪಿ ಬಳಸುತ್ತಿದ್ದ ದಿನಗಳಲ್ಲಿ ನಾನೇ ಕೂತು ಚಿತ್ರಿಸಿಕೊಂಡಿದ್ದ ಒಂದು ಸ್ಕಿನ್, ಅಂದರೆ ವಿಂಡೋಗಳ ಹೊರರೂಪ ಬದಲಿಸುವ ಚಿತ್ರಗಳ ಕಟ್ಟು, ಇನ್ನೂ ನನ್ನ ಬಳಿ ಇದೆ. ಕಡುಹಸಿರು ಬಣ್ಣದ ಶೀರ್ಷಿಕೆ ಪಟ್ಟಿ, ಅದರ ಮೇಲೆ ಸಣ್ಣ ಉಬ್ಬುಗೆರೆಗಳು, ಸುತ್ತಲೂ ದಪ್ಪನೆಯ ಅಂಚು, ಬಲತುದಿಯಲ್ಲಿ ದುಂಡಗಿನ ಮೂರು ಬಟನ್; ಅದರ ವೈಭವ ಇಷ್ಟೇ. ಈಗ ಅದನ್ನು 64 ಬಿಟ್‌ನ ವಿಂಡೋಸ್ 7 ಇರುವ ಯಂತ್ರದಲ್ಲಿ ಮತ್ತೆ ಬಳಸಬೇಕೆಂದು ಹೊರಟಿದ್ದೇನೆ. ಕೆಲವು ಹಳೆಯ ತಂತ್ರಾಂಶಗಳಿಗಾಗಿಯೇ ಇಟ್ಟುಕೊಂಡ ಯಂತ್ರವದು, ಅಂತರಜಾಲದ ಸಂಪರ್ಕವಿಲ್ಲ. ಆದ್ದರಿಂದ ದಯವಿಟ್ಟು ಸುರಕ್ಷತೆಯ ಉಪದೇಶವನ್ನು ಬದಿಗಿಟ್ಟು ಉತ್ತರಿಸಿ.

ಅಂದಿನ ಸ್ಕಿನ್ ತಂತ್ರಾಂಶವನ್ನೇ ಹಾಕಿದೆ. ಹೊಸ ಪರದೆ ದೊಡ್ಡದಾಗಿರುವುದರಿಂದ 4 ಪಿಕ್ಸೆಲ್ ಇದ್ದ ಅಂಚಿನ ಚಿತ್ರಗಳನ್ನು 6 ಪಿಕ್ಸೆಲ್‌ಗೆ ಹಿಗ್ಗಿಸಿದೆ. ಆಗಿರುವ ತೊಂದರೆಗಳು ಮೂರು. ಮೊದಲನೆಯದಾಗಿ, ಕೆಲವು ವಿಂಡೋಗಳು ಹಸಿರಂಚು ಪಡೆದಿವೆ, ಕೆಲವು ಏನೂ ನಡೆದೇ ಇಲ್ಲವೆಂಬಂತೆ ಹಳೆಯ ರೂಪದಲ್ಲಿಯೇ ನಿಂತಿವೆ. ಎರಡನೆಯದಾಗಿ, ಮೇಲಿನ ಎರಡೂ ಮೂಲೆಗಳಲ್ಲಿ ಕೂದಲೆಳೆಯಷ್ಟು ಗುಲಾಬಿ ಗೆರೆ ಕಾಣುತ್ತಿದೆ. ಮೂರನೆಯದಾಗಿ, ವಿಂಡೋವನ್ನು ಅಗಲಿಸಿದರೆ ಶೀರ್ಷಿಕೆ ಪಟ್ಟಿಯ ಉಬ್ಬುಗೆರೆಗಳು ರಬ್ಬರಿನಂತೆ ಎಳೆದುಕೊಳ್ಳುತ್ತವೆ. ಎಕ್ಸ್‌ಪಿಯಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ.

ಮೂರನೆಯಗುಂಡಿ

ಗಾಜಿನಂತಹ ಅಂಚಿನ ಏರೋ ಥೀಮ್ ಚಾಲನೆಯಲ್ಲಿದೆಯೇ, ಸಾದಾ ಅಂಚಿನ ಬೇಸಿಕ್ ಥೀಮ್‌ನಲ್ಲಿದ್ದೀರೇ? ಮೊದಲು ಅದನ್ನು ಹೇಳಿ.

ಅಂಚುಗಾರ

ಬೇಸಿಕ್‌ನಲ್ಲಿಯೇ ಇದ್ದೇನೆ. ಏರೋ ಇದ್ದಾಗ ಗಾಜಿನ ಅಂಚಿನ ಮೇಲೆ ಹಸಿರು ಅಂಚು ಮಿಣುಕಿ ಮಿಣುಕಿ ಮಾಯವಾಗುತ್ತಿತ್ತು, ಅದಕ್ಕೇ ತೆಗೆದೆ. ಈಗ ವಿಂಡೋಸ್ ಎಕ್ಸ್‌ಪ್ಲೋರರ್ ಮತ್ತು ನೋಟ್‌ಪ್ಯಾಡ್ ಸ್ಕಿನ್ ಒಪ್ಪುತ್ತಿಲ್ಲ. ಹತ್ತು ಹದಿನೈದು ವರ್ಷ ಹಳೆಯದಾದ ತಂತ್ರಾಂಶಗಳು ಮಾತ್ರ ಜಂಬದಿಂದ ಹಸಿರಂಚು ತೊಟ್ಟು ಕೂತಿವೆ.

ಕೊಕ್ಕೆ

ನಿಮ್ಮ ಮೊದಲ ತೊಂದರೆಯ ಉತ್ತರ ಆ ಕೊನೆಯ ವಾಕ್ಯದಲ್ಲಿಯೇ ಇದೆ.

ಇಂತಹ ತಂತ್ರಾಂಶಗಳು ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಂಡೋಸ್‌ನಲ್ಲಿ ಪ್ರತಿಯೊಂದು ವಿಂಡೋಗೂ ಎರಡು ಭಾಗ. ಒಳಗಿನ ಭಾಗವನ್ನು ಆಯಾ ತಂತ್ರಾಂಶವೇ ಚಿತ್ರಿಸುತ್ತದೆ. ಶೀರ್ಷಿಕೆ ಪಟ್ಟಿ, ಅಂಚು, ಬಟನ್‌ಗಳಿರುವ ಹೊರಭಾಗವನ್ನು ಬಹುಪಾಲು ತಂತ್ರಾಂಶಗಳು ವ್ಯವಸ್ಥೆಗೇ ಬಿಟ್ಟುಕೊಡುತ್ತವೆ. "ಹೊರಭಾಗವನ್ನು ಬರೆ", "ಹೊರಭಾಗಕ್ಕೆ ಎಷ್ಟು ಜಾಗ ಬೇಕು ಹೇಳು", "ಮೌಸ್ ಈಗ ಯಾವ ಭಾಗದ ಮೇಲಿದೆ ಹೇಳು" ಎಂಬಂತಹ ಸಂದೇಶಗಳು ವಿಂಡೋಗೆ ಬರುತ್ತಲೇ ಇರುತ್ತವೆ. ಸ್ಕಿನ್ ತಂತ್ರಾಂಶವು ತನ್ನ ಡಿಎಲ್‌ಎಲ್ ಕಡತವನ್ನು (ಬೇರೆ ತಂತ್ರಾಂಶದೊಳಗೆ ಸೇರಿ ಕೆಲಸ ಮಾಡಬಲ್ಲ ಕಡತ) ಓಡುತ್ತಿರುವ ಪ್ರತಿಯೊಂದು ತಂತ್ರಾಂಶದೊಳಕ್ಕೂ ನುಗ್ಗಿಸಿ, ಆ ಸಂದೇಶಗಳನ್ನು ನಡುದಾರಿಯಲ್ಲಿಯೇ ಹಿಡಿದು, ವ್ಯವಸ್ಥೆಯ ಬದಲು ತಾನೇ ಉತ್ತರ ಕೊಡುತ್ತದೆ. ನನ್ನ ಅಡ್ಡಹೆಸರೂ ಆ ಕೆಲಸದಿಂದಲೇ ಬಂದದ್ದು.

32 ಬಿಟ್‌ನ ಡಿಎಲ್‌ಎಲ್ 64 ಬಿಟ್‌ನ ತಂತ್ರಾಂಶದೊಳಕ್ಕೆ ಹೋಗಲಾರದು. ಇದರಲ್ಲಿ ರಿಯಾಯಿತಿಯೇ ಇಲ್ಲ. ನಿಮ್ಮ ಸ್ಕಿನ್ ತಂತ್ರಾಂಶ ಎಕ್ಸ್‌ಪಿ ಕಾಲದ್ದಾದರೆ ಅದರಲ್ಲಿರುವುದು 32 ಬಿಟ್‌ನ ಡಿಎಲ್‌ಎಲ್ ಮಾತ್ರವೇ ಇರಬೇಕು. ಪರೀಕ್ಷಿಸುವುದು ಸುಲಭ. ಟಾಸ್ಕ್ ಮ್ಯಾನೇಜರ್ ತೆರೆದು ಪ್ರೊಸೆಸ್‌ಗಳ ಪಟ್ಟಿಯನ್ನು ನೋಡಿ. ವಿಂಡೋಸ್ 7ರಲ್ಲಿ 32 ಬಿಟ್‌ನವುಗಳ ಹೆಸರಿನ ಕೊನೆಯಲ್ಲಿ ನಕ್ಷತ್ರ ಚಿಹ್ನೆಯೊಡನೆ 32 ಎಂದು ಬರೆದಿರುತ್ತದೆ. ಹಸಿರಂಚು ಬಂದಿರುವುದೆಲ್ಲ ಆ ಗುರುತಿನವೇ ಆಗಿದ್ದರೆ ಲೆಕ್ಕ ಚುಕ್ತಾ.

ಚಪ್ಪಟೆಗೆರೆ

ವಿಷಯದ ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮೆ ಇರಲಿ. ಕೆಲಸ ನಡೆಯುವುದು ವಿಂಡೋದ ಒಳಗೆ. ಅದರ ಸುತ್ತಲಿನ ಚೌಕಟ್ಟಿಗೆ ಇಷ್ಟೊಂದು ಪರದಾಟವೇಕೆ? ಒಂದು ಪಿಕ್ಸೆಲ್ ಗೆರೆಯಿಂದ ಆಗುವ ಕೆಲಸಕ್ಕೆ ಪ್ರತಿಯೊಂದು ತಂತ್ರಾಂಶದೊಳಕ್ಕೂ ಪರಕೀಯ ಕಡತವನ್ನು ನುಗ್ಗಿಸುವುದು ಮೂಗಿಗಿಂತ ಮೂಗುತಿ ಭಾರವಾದಂತೆ.

ಮಸುಕುಗನ್ನಡಿ

ಚಪ್ಪಟೆಗೆರೆ ಅವರೇ, ಮೂಗುತಿಯ ಮಾತು ಚೆನ್ನಾಗಿದೆ, ಆದರೆ ಎಲ್ಲರ ಕಣ್ಣೂ ಒಂದೇ ರೀತಿ ಇರುವುದಿಲ್ಲ. ನನಗೆ ದೃಷ್ಟಿ ಮಂದ. ಬಿಳಿಯ ವಿಂಡೋದ ಮೇಲೆ ಇನ್ನೊಂದು ಬಿಳಿಯ ವಿಂಡೋ ಕೂತಾಗ, ನಡುವಿನ ಆ ಒಂದು ಪಿಕ್ಸೆಲ್ ಬೂದುಗೆರೆ ನನ್ನ ಪಾಲಿಗೆ ಇಲ್ಲವೇ ಇಲ್ಲ. ಮೇಲಿನದೆಂದು ತಿಳಿದು ಕೆಳಗಿನದರಲ್ಲಿ ಟೈಪ್ ಮಾಡಿ, ಅರ್ಧ ಪುಟ ಬರೆದ ಮೇಲೆ ಅಕ್ಷರಗಳು ಎಲ್ಲಿಗೆ ಹೋದವೆಂದು ಹುಡುಕಿದ್ದು ಒಂದೆರಡು ಬಾರಿಯಲ್ಲ. ಹೈ ಕಾಂಟ್ರಾಸ್ಟ್ ಥೀಮ್ ಹಾಕಿದರೆ ಅಂಚು ಕಾಣುತ್ತದೆ ನಿಜ, ಆದರೆ ಅದು ಅಂಚನ್ನಷ್ಟೇ ಬದಲಿಸಿ ಸುಮ್ಮನಿರುವುದಿಲ್ಲ. ಒಳಗಿನ ಬಣ್ಣಗಳನ್ನೆಲ್ಲ ತಲೆಕೆಳಗು ಮಾಡುತ್ತದೆ. ನನಗೆ ಬೇಕಾದದ್ದು ಅಂಚಿನ ಬಣ್ಣ ಮತ್ತು ದಪ್ಪ ಮಾತ್ರ. ಅದನ್ನು ಹೇಳಿದಷ್ಟು ಅಚ್ಚುಕಟ್ಟಾಗಿ ಮಾಡಿಕೊಡುತ್ತಿದ್ದದ್ದು ಈ ಹಳೆಯ ಸ್ಕಿನ್ ತಂತ್ರಾಂಶಗಳೇ.

ಚಪ್ಪಟೆಗೆರೆ

ಆ ದಿಕ್ಕಿನಿಂದ ನಾನು ಯೋಚಿಸಿರಲಿಲ್ಲ. ಮಾತನ್ನು ಹಿಂತೆಗೆದುಕೊಳ್ಳುತ್ತೇನೆ, ಕನಿಷ್ಠ ಅರ್ಧದಷ್ಟನ್ನು.

ಅಂಚುಗಾರ

ಕೊಕ್ಕೆ ಅವರೇ, ಅದೇ ಸರಿ. ಒಂದೊಂದಾಗಿ ಪಟ್ಟಿಯನ್ನು ತಾಳೆ ನೋಡಿದೆ. ಹಸಿರಂಚು ಪಡೆದ ಏಳೂ ತಂತ್ರಾಂಶಗಳ ಮುಂದೆ ನಕ್ಷತ್ರದೊಡನೆ 32 ಇದೆ; ಪಡೆಯದವುಗಳಲ್ಲಿ ಒಂದರ ಮುಂದೆಯೂ ಇಲ್ಲ. ಇಷ್ಟು ದಿನ ಸ್ಕಿನ್ ಕಡತವೇ ಹಾಳಾಗಿದೆಯೆಂದು ಅದನ್ನು ಮೂರು ಸಲ ಹೊಸದಾಗಿ ಕಟ್ಟಿದ್ದೆ.

ಹಳೆಗಡತ

ಈ ಹುಚ್ಚೆಲ್ಲ ಶುರುವಾದದ್ದು ಎಕ್ಸ್‌ಪಿಯಿಂದ ಅಲ್ಲವೇ? ಆ ನೀಲಿ, ಆಲಿವ್, ಬೆಳ್ಳಿ ಬಣ್ಣಗಳ ಲೂನಾ ಥೀಮ್ ನೋಡಿದ ಮೇಲೆಯೇ ಸ್ಟಾರ್‌ಡಾಕ್ ಸಂಸ್ಥೆಯವರು ವಿಂಡೋಬ್ಲೈಂಡ್ಸ್ ಎಂಬ ಸ್ಕಿನ್ ತಂತ್ರಾಂಶ ತಂದರೆಂದು ನನ್ನ ನೆನಪು.

ಕೊಕ್ಕೆ

ತಿರುಗುಮುರುಗಾಗಿದೆ. ವಿಂಡೋಬ್ಲೈಂಡ್ಸ್ ಮೊದಲು ಬಂದದ್ದು 1998ರಲ್ಲಿ, ಎಕ್ಸ್‌ಪಿ ಬಂದದ್ದು 2001ರ ಅಕ್ಟೋಬರ್‌ನಲ್ಲಿ. ಅಂದರೆ ಬೂದುಬಣ್ಣದ ಚೌಕ ಬಟನ್‌ಗಳ ಕಾಲದಲ್ಲಿಯೇ ಜನ ಅಂಚು ಬದಲಿಸುತ್ತಿದ್ದರು. ಸ್ಕಿನ್‌ನಂತಹ ಸೌಲಭ್ಯವನ್ನು ವಿಂಡೋಸ್ ತನ್ನೊಳಗೇ ಅಳವಡಿಸಿಕೊಂಡದ್ದು ಆಮೇಲೆ. ಇನ್ನೂ ಹಿಂದಕ್ಕೆ ಹೋದರೆ, ಅದೇ ಸಂಸ್ಥೆಯ ಆಬ್ಜೆಕ್ಟ್ ಡೆಸ್ಕ್‌ಟಾಪ್ ಎಂಬ ತಂತ್ರಾಂಶಗಳ ಗುಚ್ಛ ಹುಟ್ಟಿದ್ದು ವಿಂಡೋಸ್‌ಗಾಗಿ ಅಲ್ಲ, ಐಬಿಎಂನ ಓಎಸ್/2 ಕಾರ್ಯವ್ಯವಸ್ಥೆಗಾಗಿ.

ಸೇಬುತೋಟ

ಮ್ಯಾಕಿಂಟಾಷ್‌ನವರನ್ನು ಮರೆಯಬೇಡಿ. 90ರ ದಶಕದಲ್ಲಿಯೇ ಕೆಲೈಡೋಸ್ಕೋಪ್ ಎಂಬ ತಂತ್ರಾಂಶ ಇತ್ತು. ಅದರ "ಸ್ಕೀಮ್"ಗಳಲ್ಲಿ ಅಂಚು ಮರದ ಹಲಗೆಯಾಗುತ್ತಿತ್ತು, ತುಕ್ಕು ಹಿಡಿದ ತಗಡಾಗುತ್ತಿತ್ತು. ಚಂದವೆನ್ನಲಾರೆ, ಆದರೆ ಬೇಸರ ಬರುತ್ತಿರಲಿಲ್ಲ. ಮ್ಯಾಕ್ ಓಎಸ್ ಟೆನ್ ಬಂದ ಮೇಲೆ ಶೇಪ್‌ಶಿಫ್ಟರ್ ಅದೇ ಕೆಲಸವನ್ನು ಕೆಲವು ಕಾಲ ಮಾಡಿತು.

ನೀಲಿಪರದೆ

ನಾನು ಸ್ಕಿನ್ ತಂತ್ರಾಂಶಗಳನ್ನು ನಂಬದೆ ಇನ್ನೊಂದು ದಾರಿ ಹಿಡಿದವನು, ಅದರ ಫಲವನ್ನೂ ಉಂಡವನು. ಎಕ್ಸ್‌ಪಿಯ ಥೀಮ್‌ಗಳಿರುವುದು ಎಂಎಸ್‌ಸ್ಟೈಲ್ಸ್ ಎಂಬ ಕಡತಗಳಲ್ಲಿ. ಹೆಸರು ಬೇರೆಯಾದರೂ ಅದೂ ಒಂದು ಡಿಎಲ್‌ಎಲ್‌ನಂತಹ ಕಡತವೇ. ಕಡತಗಳ ಒಳಗನ್ನು ತೋರಿಸುವ ರಿಸೋರ್ಸ್ ಹ್ಯಾಕರ್‌ ತಂತ್ರಾಂಶದಲ್ಲಿ ತೆರೆದರೆ ಒಳಗೆ ಬಿಎಂಪಿ ಚಿತ್ರಗಳೂ, ಯಾವ ಚಿತ್ರ ಎಲ್ಲಿಗೆ ಎಂದು ಹೇಳುವ ಸಾದಾ ಅಕ್ಷರದ ಪಟ್ಟಿಯೂ ಸಿಗುತ್ತವೆ. ತೊಡಕು ಒಂದೇ: ಮೈಕ್ರೋಸಾಫ್ಟ್‌ನ ಡಿಜಿಟಲ್ ಸಹಿ ಇಲ್ಲದ ಥೀಮನ್ನು ವಿಂಡೋಸ್‌ನ ಯುಎಕ್ಸ್‌ಥೀಮ್ ಎಂಬ ಡಿಎಲ್‌ಎಲ್ ಒಪ್ಪುವುದಿಲ್ಲ. ಆದ್ದರಿಂದ ಆ ಡಿಎಲ್‌ಎಲ್‌ನಲ್ಲಿ ಸಹಿ ನೋಡುವ ಜಾಗವನ್ನೇ ತಿದ್ದಿದ ಪ್ರತಿಯನ್ನು ಹಾಕುವುದು ಆಗಿನ ರೂಢಿ.

ನಾನು ಮಾಡಿದ ಎಡವಟ್ಟು ಇಷ್ಟು. ಗೆಳೆಯನೊಬ್ಬನ ಯಂತ್ರದಿಂದ ತಿದ್ದಿದ ಪ್ರತಿಯನ್ನು ತಂದೆ. ಅವನದು ಸರ್ವಿಸ್ ಪ್ಯಾಕ್ 1, ನನ್ನದು ಸರ್ವಿಸ್ ಪ್ಯಾಕ್ 2. ಮೂಲ ಕಡತವನ್ನು ಅಳಿಸಿದ ಕೂಡಲೇ ವಿಂಡೋಸ್ ತನ್ನ ಡಿಎಲ್‌ಎಲ್‌ಕ್ಯಾಷ್ ಎಂಬ ಗುಪ್ತ ಕಡತಕೋಶದಿಂದ ಹೊಸ ಪ್ರತಿಯನ್ನು ತಂದಿಡುತ್ತಿತ್ತು. ಸೋಲೊಪ್ಪದ ನಾನು ಮೊದಲು ಆ ಗುಪ್ತ ಪ್ರತಿಯನ್ನೂ ಬದಲಿಸಿ, ಆಮೇಲೆ ಮುಖ್ಯ ಪ್ರತಿಯನ್ನು ಬದಲಿಸಿ, ಗೆದ್ದೆನೆಂದುಕೊಂಡು ಯಂತ್ರವನ್ನು ಮರುಚಾಲನೆ ಮಾಡಿದೆ. ಲಾಗಿನ್ ಪರದೆ ಬರಲೇ ಇಲ್ಲ. ಎರಡೂ ಪ್ರತಿಗಳನ್ನು ನನ್ನ ಕೈಯಾರೆ ಹಾಳು ಮಾಡಿದ್ದರಿಂದ, ಕೊನೆಗೆ ವಿಂಡೋಸ್ ಸಿ.ಡಿ.ಯಿಂದ ರಿಕವರಿ ಕನ್ಸೋಲ್‌ಗೆ ಹೋಗಿ, ಕಪ್ಪು ಪರದೆಯಲ್ಲಿ ಒಂದೊಂದೇ ಆಜ್ಞೆ ಬರೆದು ಮೂಲ ಕಡತವನ್ನು ಮರಳಿ ತಂದದ್ದಾಯಿತು. ಅದಾದ ಮೇಲೆ ಆರು ತಿಂಗಳು ಲೂನಾದ ನೀಲಿ ಬಣ್ಣವೇ ಚೆನ್ನಾಗಿದೆಯೆಂದು ಎಲ್ಲರಿಗೂ ಹೇಳುತ್ತಿದ್ದೆ.

ಮೂರನೆಯಗುಂಡಿ

ಹಾಗಾದರೆ ಅಂಚುಗಾರರು ಸ್ಕಿನ್ ತಂತ್ರಾಂಶದ ಗೊಡವೆಯೇ ಬೇಡವೆಂದು ಎಂಎಸ್‌ಸ್ಟೈಲ್ಸ್ ಮಾರ್ಗ ಹಿಡಿಯಬಹುದಲ್ಲವೇ? ವ್ಯವಸ್ಥೆಯೇ ಚಿತ್ರಿಸುವುದರಿಂದ 32, 64 ಎಂಬ ಭೇದ ಬರುವುದಿಲ್ಲ.

ಕೊಕ್ಕೆ

ಭೇದ ಬರುವುದಿಲ್ಲ ಎಂಬುದು ಸರಿ. ಆದರೆ ವಿಂಡೋಸ್ 7ರಲ್ಲಿ ತಿದ್ದಬೇಕಾದದ್ದು ಒಂದು ಕಡತವಲ್ಲ, ಮೂರು: ಯುಎಕ್ಸ್‌ಥೀಮ್, ಥೀಮ್‌ಯುಐ, ಥೀಮ್‌ಸರ್ವಿಸ್. ಅದನ್ನು ತಾವೇ ಮಾಡಿಕೊಡುವ ಪ್ಯಾಚ್ ತಂತ್ರಾಂಶಗಳಿವೆ ಎನ್ನಿ. ನಿಜವಾದ ಅಡ್ಡಿ ಬೇರೆ. ಎಕ್ಸ್‌ಪಿಯ ನಂತರ ಬಂದ ವಿಸ್ಟಾದಿಂದ ಈಚೆಗೆ ಥೀಮ್ ಕಡತದೊಳಗಿನ ಆ ಸಾದಾ ಅಕ್ಷರದ ಪಟ್ಟಿ ಹೋಗಿ, ಯಂತ್ರಕ್ಕಷ್ಟೇ ಅರ್ಥವಾಗುವ ರೂಪ ಬಂದಿತು. ಎಕ್ಸ್‌ಪಿಯ ಥೀಮ್ ಅಲ್ಲಿ ನಡೆಯುವುದಿಲ್ಲ; ವಿಶೇಷ ಸಂಪಾದಕ ತಂತ್ರಾಂಶದಲ್ಲಿ ಮೊದಲಿನಿಂದ ಕಟ್ಟಬೇಕು. ಅಂಚುಗಾರರ ಕೈಯಲ್ಲಿ ಈಗಾಗಲೇ ಸಿದ್ಧ ಸ್ಕಿನ್ ಇದೆ. ಅದೇ ತಂತ್ರಾಂಶದ ಮುಂದಿನ ಆವೃತ್ತಿಯಲ್ಲಿ 64 ಬಿಟ್‌ನ ಡಿಎಲ್‌ಎಲ್ ಕೂಡ ಇದ್ದರೆ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಬಣ್ಣದಬಿಂದು

ಎಲ್ಲರೂ ಮೊದಲ ತೊಂದರೆಗೇ ಜೋತುಬಿದ್ದಿದ್ದೀರಿ. ಗುಲಾಬಿ ಗೆರೆಯ ವಿಷಯ ನನಗೆ ಬಿಡಿ, ಆ ಗೆರೆಯೊಡನೆ ನನ್ನದು ಹಳೆಯ ಜಗಳ.

ಅಂಚುಗಾರರೇ, ನಿಮ್ಮ ಸ್ಕಿನ್‌ನ ಚಿತ್ರಗಳು ಬಿಎಂಪಿ ರೂಪದಲ್ಲಿವೆ ಎಂದು ಊಹಿಸುತ್ತೇನೆ. ಆ ಕಾಲದ ಸ್ಕಿನ್‌ಗಳಲ್ಲಿ "ಇಲ್ಲಿ ಏನನ್ನೂ ಬರೆಯಬೇಡ" ಎಂದು ಹೇಳಲು ಮಜೆಂತಾ ಬಣ್ಣವನ್ನು ತುಂಬುತ್ತಿದ್ದರು: ಕೆಂಪು 255, ಹಸಿರು 0, ನೀಲಿ 255. ದುಂಡು ಮೂಲೆಯ ಹೊರಗಿನ ಜಾಗವೆಲ್ಲ ಆ ಬಣ್ಣವೇ. ತಂತ್ರಾಂಶವು ಆ ಮೂರು ಸಂಖ್ಯೆಗಳು ಕರಾರುವಾಕ್ಕಾಗಿ ಹೊಂದಿದರೆ ಮಾತ್ರ ಪಾರದರ್ಶಕವೆಂದು ತಿಳಿಯುತ್ತದೆ. 254 ಇದ್ದರೂ ಅದರ ಲೆಕ್ಕದಲ್ಲಿ ಅದೊಂದು ಮಾಮೂಲಿ ಗುಲಾಬಿ ಬಣ್ಣ, ಬಿಡದೆ ಬರೆದುಬಿಡುತ್ತದೆ. ನೀವು 4 ಪಿಕ್ಸೆಲ್ ಚಿತ್ರವನ್ನು 6ಕ್ಕೆ ಹಿಗ್ಗಿಸಿದಾಗ ಚಿತ್ರ ತಂತ್ರಾಂಶ ನಯಗೊಳಿಸಲು ಹೋಗಿ ಹಸಿರಿಗೂ ಮಜೆಂತಾಗೂ ನಡುವಿನ ಬಣ್ಣಗಳನ್ನು ಹುಟ್ಟಿಸಿದೆ. ಮೂಲೆಯ ಚಿತ್ರವನ್ನು ಎಂಟು ಪಟ್ಟು ದೊಡ್ಡದಾಗಿಸಿ ನೋಡಿ, ಗಡಿಯ ಮೇಲಿನ ಪಿಕ್ಸೆಲ್‌ಗಳ ಸಂಖ್ಯೆಗಳನ್ನು ಓದಿ.

ಪರಿಹಾರವೆಂದರೆ, ಮೂಲ ಚಿತ್ರಕ್ಕೆ ಮರಳಿ, ನಯಗೊಳಿಸುವ ಆಯ್ಕೆಯನ್ನು ತೆಗೆದುಹಾಕಿ ಹಿಗ್ಗಿಸಿ, ಗಡಿಯ ಪಿಕ್ಸೆಲ್‌ಗಳನ್ನು ಪೆನ್ಸಿಲ್ ಉಪಕರಣದಿಂದ ಕೈಯಾರೆ ತಿದ್ದಿ. ಬ್ರಷ್ ಮುಟ್ಟಬೇಡಿ, ಅದರ ತುದಿ ಮೆದು. ಜೆಪೆಗ್ ಆಗಿಯಂತೂ ಒಂದು ಸಲವೂ ಉಳಿಸಬೇಡಿ. ಒಮ್ಮೆ ಜೆಪೆಗ್ ಆದ ಮಜೆಂತಾ ಮತ್ತೆ ಬಿಎಂಪಿ ಆದರೂ ಶುದ್ಧವಾಗುವುದಿಲ್ಲ.

ಹಳೆಗಡತ

ಆಗಿನ ದುಂಡುಮೂಲೆಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿದ್ದದ್ದೂ ಇದರಿಂದಲೇ?

ಬಣ್ಣದಬಿಂದು

ಹೌದು. ಪಿಕ್ಸೆಲ್ ಇದ್ದರೆ ಪೂರ್ತಿ ಇದೆ, ಇಲ್ಲದಿದ್ದರೆ ಪೂರ್ತಿ ಇಲ್ಲ. ಅರೆಪಾರದರ್ಶಕ ಎಂಬ ಮಾತೇ ಇರಲಿಲ್ಲ. ವಿಂಡೋಬ್ಲೈಂಡ್ಸ್‌ನ 5ನೆಯ ಆವೃತ್ತಿ ಎಕ್ಸ್‌ಪಿಯಲ್ಲಿಯೇ ಅರೆಪಾರದರ್ಶಕ ಅಂಚನ್ನು ತಂದಾಗ, ನೆರಳಿನಂತೆ ಕರಗುವ ಆ ಮೂಲೆಯನ್ನು ನೋಡಲೆಂದೇ ನಾನು ವಿಂಡೋವನ್ನು ಅತ್ತಿತ್ತ ಎಳೆದಾಡುತ್ತಾ ಕೂತಿದ್ದೆ.

ಗೆರೆಗೊಂದುಗೆರೆ

ಉಳಿದದ್ದು ಮೂರನೆಯ ತೊಂದರೆ, ಎಲ್ಲಕ್ಕಿಂತ ಸುಲಭದ್ದು. ಶೀರ್ಷಿಕೆ ಪಟ್ಟಿಯ ಚಿತ್ರವನ್ನು ಸ್ಕಿನ್ ಮೂರು ತುಂಡಾಗಿ ನೋಡುತ್ತದೆ: ಎಡತುದಿ, ನಡು, ಬಲತುದಿ. ತುದಿಗಳು ಇದ್ದ ಅಳತೆಯಲ್ಲಿಯೇ ಉಳಿಯುತ್ತವೆ. ನಡುವಿನ ತುಂಡನ್ನು ಎಳೆದು ಹಿಗ್ಗಿಸಬೇಕೋ, ಹೆಂಚು ಜೋಡಿಸಿದಂತೆ ಮತ್ತೆ ಮತ್ತೆ ಇಡಬೇಕೋ ಎಂಬುದನ್ನು ನೀವು ಹೇಳಿರಬೇಕು. ಸ್ಕಿನ್ ಅನ್ನು ಹೊಸದಾಗಿ ಕಟ್ಟುವಾಗ ಆ ಆಯ್ಕೆ ಸ್ಟ್ರೆಚ್‌ಗೆ ಹೊರಳಿರಬೇಕು, ಟೈಲ್‌ಗೆ ಮರಳಿಸಿ. ತುದಿಗಳ ಅಳತೆಯನ್ನೂ ನೋಡಿಕೊಳ್ಳಿ: ಚಿತ್ರ ಹಿಗ್ಗಿಸಿದ ಮೇಲೂ ಹಳೆಯ ಅಂಕಿಗಳನ್ನೇ ಬಿಟ್ಟಿದ್ದರೆ ದುಂಡುಮೂಲೆಯ ಎರಡು ಪಿಕ್ಸೆಲ್ ನಡುವಿನ ತುಂಡಿಗೆ ಸೇರಿ, ಪಟ್ಟಿಯುದ್ದಕ್ಕೂ ಕಲೆಯಂತೆ ಮರುಕಳಿಸುತ್ತದೆ.

ಇಲಿಬಾಲ

ಲಿನಕ್ಸ್‌ನ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಬಳಸುವವನಾಗಿ ಇದನ್ನೆಲ್ಲ ಓದುತ್ತಿದ್ದರೆ ಆಶ್ಚರ್ಯವಾಗುತ್ತದೆ. ನಮ್ಮಲ್ಲಿ ಅಂಚು ಬರೆಯುವುದು ವಿಂಡೋ ಮ್ಯಾನೇಜರ್ ಎಂಬ ಪ್ರತ್ಯೇಕ ತಂತ್ರಾಂಶದ ಕೆಲಸ. ಥೀಮ್ ಎಂದರೆ ಒಂದು ಕಡತಕೋಶದಲ್ಲಿ ಸಣ್ಣ ಸಣ್ಣ ಚಿತ್ರಗಳು: ಮೇಲಿನ ಎಡಮೂಲೆಗೊಂದು, ಕೆಳಗಿನ ಅಂಚಿಗೊಂದು, ಮುಚ್ಚುವ ಬಟನ್‌ಗೊಂದು. ಚಿತ್ರ ಬದಲಿಸಿದರೆ ಅಂಚು ಬದಲಾಯಿತು. ಯಾರೊಳಗೂ ನುಗ್ಗಬೇಕಿಲ್ಲ, ಯಾರ ಸಹಿಯನ್ನೂ ತಿದ್ದಬೇಕಿಲ್ಲ.

ಚಪ್ಪಟೆಗೆರೆ

ಅಲ್ಲಿಯೂ ಆ ಸುಖ ಪೂರ್ತಿ ಉಳಿದಿಲ್ಲ, ಇಲಿಬಾಲ ಅವರೇ. ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಆದ ಗ್ನೋಮ್‌ನ ಹೊಸ ತಂತ್ರಾಂಶಗಳು ಶೀರ್ಷಿಕೆ ಪಟ್ಟಿಯನ್ನು ತಾವೇ ಬರೆದುಕೊಳ್ಳುತ್ತವೆ, ಹುಡುಕುವ ಪೆಟ್ಟಿಗೆಯನ್ನೂ ಮೆನುವನ್ನೂ ಅದರೊಳಗೇ ತುರುಕುತ್ತವೆ. ನಿಮ್ಮ ವಿಂಡೋ ಮ್ಯಾನೇಜರ್‌ನ ಥೀಮ್ ಅವುಗಳ ಹತ್ತಿರವೂ ಸುಳಿಯುವುದಿಲ್ಲ. ವಿಂಡೋಸ್‌ನಲ್ಲಿ ಬ್ರೌಸರ್‌ಗಳು ಮಾಡುವುದೂ ಇದನ್ನೇ: ಟ್ಯಾಬ್‌ಗಳು ಶೀರ್ಷಿಕೆ ಪಟ್ಟಿಗೆ ಹತ್ತಿ ಕೂತವು, ಅಂಚಿಗೆ ಜಾಗವೇ ಇಲ್ಲವಾಯಿತು.

ಇಲಿಬಾಲ

ಒಪ್ಪಿದೆ. ನನ್ನ ಪರದೆಯ ಮೇಲೆ ಈ ಕ್ಷಣ ತೆರೆದಿರುವ ಐದು ವಿಂಡೋಗಳಲ್ಲಿ ಎರಡರ ಅಂಚು ನನ್ನ ಥೀಮ್‌ನದಲ್ಲ.

ಮಸುಕುಗನ್ನಡಿ

ವಿಂಡೋಸ್ 10ರಲ್ಲಿ ವ್ಯವಸ್ಥೆಯ ಸೆಟ್ಟಿಂಗ್‌ಗಳನ್ನು ಇಟ್ಟಿರುವ ರಿಜಿಸ್ಟ್ರಿಯ ಮೂಲಕ ಅಂಚನ್ನು ದಪ್ಪ ಮಾಡಬಹುದೆಂದು ಓದಿದ್ದೇನೆ. ಯಾರಾದರೂ ಮಾಡಿ ನೋಡಿದ್ದೀರಾ?

ಮೂರನೆಯಗುಂಡಿ

ಮಾಡಿದ್ದೇನೆ. ವಿಂಡೋಮೆಟ್ರಿಕ್ಸ್ ಎಂಬಲ್ಲಿ ಪ್ಯಾಡೆಡ್‌ಬಾರ್ಡರ್‌ವಿಡ್ತ್ ಎಂಬ ಬೆಲೆ ಇದೆ, ಸಾಮಾನ್ಯವಾಗಿ -60 ಇರುತ್ತದೆ. ಪ್ರತಿ ಪಿಕ್ಸೆಲ್‌ಗೆ 15ರಂತೆ ಋಣ ಸಂಖ್ಯೆಯಲ್ಲಿ ಬರೆಯುವುದು ಅಲ್ಲಿನ ಪದ್ಧತಿ; ಅಂದರೆ -60 ಎಂದರೆ 4 ಪಿಕ್ಸೆಲ್, 6 ಬೇಕಿದ್ದರೆ -90. ಬದಲಿಸಿ, ಲಾಗ್ ಆಫ್ ಆಗಿ ಮತ್ತೆ ಒಳಬರಬೇಕು. ಆದರೆ ನಿಮಗೆ ನಿರಾಸೆಯಾಗುತ್ತದೆ. ವಿಂಡೋಸ್ 7ರಲ್ಲಿ ಹೆಚ್ಚಿದ ಆ ಅಂಚು ಕಣ್ಣಿಗೆ ಕಾಣುತ್ತದೆ, 10ರಲ್ಲಿ ಕಾಣುವುದು ಅದೇ ಒಂದು ಪಿಕ್ಸೆಲ್ ಗೆರೆ. ಉಳಿದ ಅಗಲವೆಲ್ಲ ಮೌಸ್‌ಗೆ ಮಾತ್ರ ಸಿಗುವ ಅದೃಶ್ಯ ಅಂಚು. ಹಿಡಿದು ಎಳೆಯಲು ಸಲೀಸಾಗುತ್ತದೆ, ನೋಡಲು ಏನೂ ಇಲ್ಲ. ಸದ್ಯಕ್ಕೆ ಬಣ್ಣಗಳ ಸೆಟ್ಟಿಂಗ್ಸ್‌ನಲ್ಲಿ ಶೀರ್ಷಿಕೆ ಪಟ್ಟಿ ಮತ್ತು ಅಂಚಿಗೆ ಬಣ್ಣ ಹಾಕುವ ಆಯ್ಕೆಯನ್ನು ಚಾಲೂ ಮಾಡಿಕೊಳ್ಳಿ. ಬಳಕೆಯಲ್ಲಿರುವ ವಿಂಡೋ ಯಾವುದೆಂದು ಅಷ್ಟಾದರೂ ತಿಳಿಯುತ್ತದೆ. ದಪ್ಪವೂ ಬೇಕೆಂದರೆ, 10 ಮತ್ತು 11ಕ್ಕೆ ನಡೆಯುವ ವಿಂಡೋಬ್ಲೈಂಡ್ಸ್‌ನ 11ನೆಯ ಆವೃತ್ತಿ ಇದೆ, ಪರೀಕ್ಷಿಸಿ ನೋಡಬಹುದು.

ಮಸುಕುಗನ್ನಡಿ

ಧನ್ಯವಾದ. ಬಣ್ಣದ ಆಯ್ಕೆಯನ್ನು ಈಗಲೇ ಹಾಕಿದೆ, ಗಾಢ ಕಿತ್ತಳೆ. ಟ್ಯಾಬ್ ಹತ್ತಿಸಿಕೊಂಡ ಆ ಬ್ರೌಸರ್ ಒಂದನ್ನು ಬಿಟ್ಟರೆ ಉಳಿದವು ಗುರುತು ಸಿಗುತ್ತಿವೆ.

ಅಂಚುಗಾರ

ಎರಡು ದಿನಗಳ ನಂತರದ ವರದಿ. ನನ್ನ ಹಳೆಯ ಬ್ಯಾಕಪ್ ಡಿಸ್ಕ್‌ನಲ್ಲಿ ಅದೇ ತಂತ್ರಾಂಶದ ಮುಂದಿನ ಆವೃತ್ತಿಯ ಇನ್‌ಸ್ಟಾಲರ್ ಸಿಕ್ಕಿತು. ಅದರಲ್ಲಿ 64 ಬಿಟ್‌ನ ಡಿಎಲ್‌ಎಲ್ ಇದೆ. ನೋಟ್‌ಪ್ಯಾಡ್, ಎಕ್ಸ್‌ಪ್ಲೋರರ್ ಎರಡೂ ಮಾತಿಲ್ಲದೆ ಹಸಿರಂಚು ತೊಟ್ಟವು.

ಗುಲಾಬಿ ಗೆರೆಯ ವಿಷಯದಲ್ಲಿ ಬಣ್ಣದಬಿಂದು ಅವರು ಹೇಳಿದ್ದು ಅಕ್ಷರಶಃ ನಿಜ. ಎಡಮೂಲೆಯನ್ನು ಹಿಗ್ಗಿಸಿ ನೋಡಿದರೆ ಗಡಿಯ ಮೇಲೆ 214, 38, 209 ಎಂಬಂತಹ ಅಡ್ಡಕಸಬಿ ಪಿಕ್ಸೆಲ್‌ಗಳು ಹನ್ನೊಂದು ಇದ್ದವು. ಒಂದೊಂದನ್ನೂ ಪೆನ್ಸಿಲ್‌ನಿಂದ ಹಸಿರಿಗೋ ಮಜೆಂತಾಗೋ ಸೇರಿಸಿದೆ. ಬಲಮೂಲೆಗೆ ಎಡಮೂಲೆಯನ್ನೇ ಮಗುಚಿ ಇಟ್ಟೆ; ಆದರೆ ಉಬ್ಬಿನ ಬೆಳಕು ಎಡದಿಂದ ಬೀಳುವುದನ್ನು ಮರೆತಿದ್ದರಿಂದ, ಬಲಮೂಲೆ ಒಳಕ್ಕೆ ತಗ್ಗಿದಂತೆ ಕಂಡಿತು, ಅದನ್ನು ಮತ್ತೆ ತಿದ್ದಬೇಕಾಯಿತು. ಉಬ್ಬುಗೆರೆಗಳು ಟೈಲ್‌ಗೆ ಮರಳಿಸಿದ ಮೇಲೆ ಸರಿಯಾದವು. ತುದಿಯ ಅಂಕಿಗಳನ್ನೂ ಬದಲಿಸಿದೆ, ಗೆರೆಗೊಂದುಗೆರೆ ಅವರು ಎಚ್ಚರಿಸದಿದ್ದರೆ ಆ ಕಲೆಯ ಬೆನ್ನು ಹತ್ತಿ ಇನ್ನೊಂದು ದಿನ ಹೋಗುತ್ತಿತ್ತು.

ಒಂದು ಸಂದೇಹ ಉಳಿದಿದೆ. ಎಕ್ಸ್‌ಪಿಯಲ್ಲಿ ಕಪ್ಪು ಆಜ್ಞಾಪರದೆಯ ವಿಂಡೋ ಮಾತ್ರ ಎಷ್ಟೇ ಹಟ ಹಿಡಿದರೂ ಹಳೆಯ ಬೂದು ಅಂಚನ್ನು ಬಿಡುತ್ತಿರಲಿಲ್ಲ. ಇಲ್ಲಿ ಅದೂ ಹಸಿರಾಗಿದೆ. ಇದು ಹೇಗೆ?

ಕೊಕ್ಕೆ

ಎಕ್ಸ್‌ಪಿಯಲ್ಲಿ ಆ ವಿಂಡೋವನ್ನು ನಡೆಸುತ್ತಿದ್ದದ್ದು ಸಿಎಸ್‌ಆರ್‌ಎಸ್‌ಎಸ್ ಎಂಬ, ವ್ಯವಸ್ಥೆಯ ತೀರಾ ಒಳಗಿನ ಪ್ರೊಸೆಸ್. ಅದು ಬಿದ್ದರೆ ಇಡೀ ವ್ಯವಸ್ಥೆಯೇ ಬೀಳುವುದರಿಂದ ವಿಂಡೋಸ್‌ನ ಸ್ವಂತ ಥೀಮ್ ಕೂಡ ಅದರೊಳಕ್ಕೆ ಕಾಲಿಡುತ್ತಿರಲಿಲ್ಲ. ವಿಂಡೋಸ್ 7ರಲ್ಲಿ ಆ ಕೆಲಸವನ್ನು ಕಾನ್‌ಹೋಸ್ಟ್ ಎಂಬ ಸಾಮಾನ್ಯ ಪ್ರೊಸೆಸ್‌ಗೆ ವಹಿಸಿದರು. ನಿಮ್ಮ ಯಂತ್ರದಲ್ಲಿ ಅದು 64 ಬಿಟ್‌ನದು. ಹಳೆಯ ಆವೃತ್ತಿಯೇ ಇದ್ದಿದ್ದರೆ ಈಗಲೂ ಒಪ್ಪುತ್ತಿರಲಿಲ್ಲ.

ಚಪ್ಪಟೆಗೆರೆ

ಅಂಚುಗಾರರೇ, ಆ ಸ್ಕಿನ್ ಕಡತವನ್ನು ಎಲ್ಲಾದರೂ ಹಾಕುತ್ತೀರಾ? ಕೇಳುತ್ತಿರುವುದು ಕುತೂಹಲಕ್ಕೆ ಮಾತ್ರ.

ಅಂಚುಗಾರ

ಹಾಕುತ್ತೇನೆ. ಬಳಕೆಯಲ್ಲಿಲ್ಲದ ವಿಂಡೋದ ಮುಚ್ಚುವ ಬಟನ್ ಇನ್ನೂ ಹಳೆಯ ಅಳತೆಯಲ್ಲಿಯೇ ಇದೆ, ಅದೊಂದನ್ನು ತಿದ್ದಿದ ಮೇಲೆ.